ಎಂಟು ಪೆಟ್ಟಿಗೆಗಳ ವ್ಯಾಕರಣ

ಹೊರನಾಡಿಗೆ ಬಂದು ನೆಲೆಸಿದ ನಮ್ಮ ಕುಟುಂಬಗಳಲ್ಲಿ ಪಂಚಾಂಗದಷ್ಟೇ ಗೌರವ ಪಡೆದಿರುವ ಪುಸ್ತಕವೊಂದುಂಟು. ಅದು ರೆನ್ ಮತ್ತು ಮಾರ್ಟಿನ್ ಅವರ ಇಂಗ್ಲಿಷ್ ವ್ಯಾಕರಣ. 1930ರ ದಶಕದಲ್ಲಿ ಹೊರಬಂದ ಈ ಪುಸ್ತಕ ಅಣ್ಣನಿಂದ ತಮ್ಮನಿಗೆ, ತಂದೆಯಿಂದ ಮಗಳಿಗೆ ಕೈ ಬದಲಾಯಿಸುತ್ತ ಇಂದಿಗೂ ಉಳಿದಿದೆ. ಕರ್ತೃಗಳಲ್ಲೊಬ್ಬರಾದ ಪಿ. ಸಿ. ರೆನ್ ಮುಂಬಯಿ ಪ್ರಾಂತದ ಶಿಕ್ಷಣ ಇಲಾಖೆಯಲ್ಲಿ ದುಡಿದವರು. 1924ರಲ್ಲಿ 'ಬೋ ಜೆಸ್ಟ್' ಎಂಬ ಸಾಹಸ ಕಾದಂಬರಿ ಬರೆದು ಪ್ರಸಿದ್ಧರಾದವರೂ ಅವರೇ. ಅವರ ವ್ಯಾಕರಣದ ಅಚ್ಚುಕಟ್ಟುತನ, ಅಭ್ಯಾಸಗಳ ಸಮೃದ್ಧಿ ಮೆಚ್ಚತಕ್ಕವು. ಆದರೆ ಅದರ ಮೊದಲ ಪುಟಗಳಲ್ಲೇ ಎದುರಾಗುವ 'ಪಾರ್ಟ್ಸ್ ಆಫ್ ಸ್ಪೀಚ್' ನಮ್ಮ ಮಕ್ಕಳಿಗೆ ಏಕೆ ಬಾಯಿಪಾಠವಾಗಿಯೇ ಉಳಿಯುತ್ತದೆ ಎಂಬುದನ್ನು ನಾವು ವಿಚಾರಿಸಲೇಬೇಕು.

ನೌನ್, ಪ್ರೊನೌನ್, ಅಡ್ಜೆಕ್ಟಿವ್, ವರ್ಬ್, ಆಡ್ವರ್ಬ್, ಪ್ರಿಪೊಸಿಷನ್, ಕಂಜಂಕ್ಷನ್, ಇಂಟರ್ಜೆಕ್ಷನ್ - ಇವು ಎಂಟು. ಪದಗಳನ್ನು ವಾಕ್ಯದಲ್ಲಿ ಅವು ಮಾಡುವ ಕೆಲಸದ ಮೇಲೆ ವಿಂಗಡಿಸಬೇಕೆಂದು ಪುಸ್ತಕವೇ ಮೊದಲು ಹೇಳುತ್ತದೆ. ಮಾತು ಸರಿ. ಆದರೆ ಮರುಗಳಿಗೆಯಲ್ಲೇ ಕೊಡುವ ಲಕ್ಷಣಗಳು ಬಹುಮಟ್ಟಿಗೆ ಅರ್ಥವನ್ನು ಅವಲಂಬಿಸಿವೆ. ವ್ಯಕ್ತಿ, ಸ್ಥಳ, ವಸ್ತುವಿನ ಹೆಸರು ನೌನ್ ಆಯಿತು. ತರಗತಿಯಲ್ಲಿ ವರ್ಬ್ ಎಂದರೆ ಕ್ರಿಯೆ ಎಂಬಷ್ಟೇ ಉಳಿಯಿತು. ಹಾಗಾದರೆ 'ಅರೈವಲ್' ಏನು? ಬರುವುದು ಕ್ರಿಯೆಯಲ್ಲವೇ? ಆದರೂ ಅದು ನೌನ್. 'ನೋ' ಎಂಬ ತಿಳಿವಿನ ಪದದಲ್ಲಿ ಕೈಕಾಲು ಆಡುವುದೇ ಇಲ್ಲ. ಆದರೂ ಅದು ವರ್ಬ್. ಪಾಠ ಒಪ್ಪಿಸಿದ ಮಗು ಅಭ್ಯಾಸದಲ್ಲಿ ಎಡವಿದರೆ ತಪ್ಪು ಮಗುವಿನದಲ್ಲ.

ಈ 'ಎಂಟು' ಎಲ್ಲಿಂದ ಬಂತು? ಕ್ರಿಸ್ತಪೂರ್ವದ ದಿಯೊನಿಸಿಯಸ್ ಥ್ರಾಕ್ಸನ ಹೆಸರಿನಲ್ಲಿರುವ ಗ್ರೀಕ್ ವ್ಯಾಕರಣದಲ್ಲಿಯೇ ಎಂಟು ವಿಭಾಗಗಳಿದ್ದವು. ಲ್ಯಾಟಿನ್ನಿನಲ್ಲಿ ಆರ್ಟಿಕಲ್ ಇಲ್ಲ. ಅದು ಬಿಟ್ಟುಹೋಯಿತು, ಇಂಟರ್ಜೆಕ್ಷನ್ ಬಂದು ಸೇರಿತು, ಲೆಕ್ಕ ಎಂಟಾಗಿಯೇ ಉಳಿಯಿತು. ಇಂಗ್ಲಿಷಿನಲ್ಲಿ ಆರ್ಟಿಕಲ್ ಉಂಟು. ಆದ್ದರಿಂದ 1795ರಲ್ಲಿ ಲಿಂಡ್ಲಿ ಮರ್ರೆ ಒಂಬತ್ತು ಎಣಿಸಿದ. ರೆನ್ ಮತ್ತು ಮಾರ್ಟಿನ್ ಮತ್ತೆ ಎಂಟೇ ಎಂದರು. ಸಂಖ್ಯೆಯ ಈ ಮೋಹ ನಮ್ಮಲ್ಲಿಯೂ ಇಲ್ಲದಿಲ್ಲ. ಸಂಸ್ಕೃತದ ಏಳು ವಿಭಕ್ತಿಗಳಿಗೆ ಸರಿದೂಗಿಸಲೆಂದು 'ದೆಸೆಯಿಂದ' ಎಂಬುದನ್ನು ಪಂಚಮಿಯ ಪೀಠದಲ್ಲಿ ಕೂರಿಸಿದವರು ನಾವಲ್ಲವೇ?

ಇಂಗ್ಲಿಷಿನ ನಿಜವಾದ ಸ್ವಭಾವ ಬೇರೆ. ಹಳೆಯ ಇಂಗ್ಲಿಷಿನಲ್ಲಿ ವಿಭಕ್ತಿ ಪ್ರತ್ಯಯಗಳಿದ್ದವು. ಮಧ್ಯಯುಗ ಮುಗಿಯುವ ಹೊತ್ತಿಗೆ ಅವುಗಳಲ್ಲಿ ಹೆಚ್ಚಿನವು ಉದುರಿಹೋದವು. ಪ್ರತ್ಯಯ ಮಾಡುತ್ತಿದ್ದ ಕೆಲಸವನ್ನು ಪದದ ಸ್ಥಾನ ವಹಿಸಿಕೊಂಡಿತು. ಮುಂಬಯಿಯ ಮಕ್ಕಳಿಗೆ ಚಿರಪರಿಚಿತವಾದ 'ಫಾಸ್ಟ್' ಪದವನ್ನೇ ನೋಡೋಣ. 'ಫಾಸ್ಟ್ ಟ್ರೇನ್' ಎಂಬಲ್ಲಿ ಅದು ಅಡ್ಜೆಕ್ಟಿವ್. 'ದಿ ಟ್ರೇನ್ ರನ್ಸ್ ಫಾಸ್ಟ್' ಎಂಬಲ್ಲಿ ಆಡ್ವರ್ಬ್. ಅರ್ಥ ಒಂದೇ, ಸ್ಥಾನ ಮಾತ್ರ ಬೇರೆ. ಏಕಾದಶಿಯ ದಿನ 'ದೇ ಫಾಸ್ಟ್' ಎಂದರೆ ವರ್ಬ್. 'ಎ ಲಾಂಗ್ ಫಾಸ್ಟ್' ಎಂದರೆ ನೌನ್. ಒಂದೇ ಪದ ಹೀಗೆ ಬೇರೆ ಬೇರೆ ಕೆಲಸ ಮಾಡುವುದನ್ನು ತೋರಿಸುವ ಉದಾಹರಣೆಗಳು ರೆನ್ ಮತ್ತು ಮಾರ್ಟಿನ್‌ನಲ್ಲೂ ಇವೆ. ವ್ಯಾಖ್ಯೆಗಳಿಗಿಂತ ಮೊದಲು ಓದಿಸಬೇಕಾದದ್ದು ಅವನ್ನೇ.

ಇಲ್ಲಿ ನಮ್ಮ ಕನ್ನಡ ಎಂಥ ಸಹಾಯ ಮಾಡಬಲ್ಲುದೆಂಬುದನ್ನು ನಾವು ಮರೆತಿದ್ದೇವೆ. ಪಾಣಿನಿ ಪದಗಳನ್ನು ಅರ್ಥದಿಂದಲ್ಲ, ಅಂತ್ಯದಿಂದ ಗುರುತಿಸಿದ: ಸುಬಂತ, ತಿಙಂತ ಎಂದು. ನಮ್ಮ ಶಾಲೆಯ ವ್ಯಾಕರಣವೂ ನಾಮಪ್ರಕೃತಿಗೆ ವಿಭಕ್ತಿ ಪ್ರತ್ಯಯ ಸೇರಿದರೆ ನಾಮಪದ ಎಂದು ಕಲಿಸುತ್ತದೆ. 'ಆಗಮನ'ಕ್ಕೆ ಅನ್ನು, ಇಂದ, ಅಲ್ಲಿ ಹತ್ತುತ್ತವೆ. 'ಬಂತು' ಎಂಬುದಕ್ಕೆ ಹತ್ತುವುದಿಲ್ಲ. ಮನೆಯಲ್ಲಿ ಕನ್ನಡವಾಡುವ ಮಗುವಿಗೆ ಇದು ಹೇಳದೆಯೇ ಗೊತ್ತು. ಅದೇ ಬಗೆಯ ಪರೀಕ್ಷೆಯನ್ನು ಇಂಗ್ಲಿಷಿಗೂ ಒಡ್ಡಲಿ: ಹಿಂದೆ 'ದಿ' ನಿಲ್ಲುತ್ತದೆಯೇ? ಕೊನೆಗೆ ಭೂತಕಾಲದ 'ಎಡ್' ಸೇರುತ್ತದೆಯೇ? 'ದಿ ಅರೈವಲ್' ಸರಿ, 'ಅರೈವ್ಡ್' ಸರಿ, 'ಅರೈವಲ್ಡ್' ಮಾತ್ರ ಇಲ್ಲ.

ಎರಡು ಭಾಷೆಗಳು ಎಲ್ಲಿ ಬೇರೆಯಾಗುತ್ತವೆಯೋ ಅಲ್ಲಿ ಪಾಠ ಇನ್ನೂ ರುಚಿಕಟ್ಟಾಗುತ್ತದೆ. 'ಅವನು ಡಾಕ್ಟರು' ಎಂಬ ವಾಕ್ಯದಲ್ಲಿ ಕ್ರಿಯಾಪದವೇ ಇಲ್ಲ; ಇಂಗ್ಲಿಷಿನಲ್ಲಿ 'ಈಸ್' ಬೇಕೇ ಬೇಕು, 'ಎ' ಕೂಡ ಬೇಕು. ನಮ್ಮ ಒಂದೇ 'ಅಲ್ಲಿ' ಅವರಲ್ಲಿ ಮೂರಾಗುತ್ತದೆ: ಪೆಟ್ಟಿಗೆಯಲ್ಲಿ ಎಂದರೆ 'ಇನ್', ನಾಲ್ಕನೆಯ ಮಹಡಿಯಲ್ಲಿ ಎಂದರೆ 'ಆನ್', ದಾದರ್ ಸ್ಟೇಶನ್ನಿನಲ್ಲಿ ಎಂದರೆ 'ಆಟ್'. ನಮ್ಮ ಪ್ರತ್ಯಯ ಪದದ ಹಿಂದೆ ಅಂಟಿಕೊಂಡರೆ ಅವರ ಪ್ರಿಪೊಸಿಷನ್ ಮುಂದೆ ನಡೆಯುತ್ತದೆ. 'ಇದರ ಬಗ್ಗೆ ಚರ್ಚಿಸೋಣ' ಎಂಬುದರ ನೆರಳಿನಲ್ಲೇ ನಾವು 'ಡಿಸ್ಕಸ್ ಅಬೌಟ್' ಎನ್ನುವುದು. ಈ ವ್ಯತ್ಯಾಸ ಕನ್ನಡ ಬಲ್ಲ ಮಗುವಿಗೆ ಒಮ್ಮೆ ತೋರಿಸಿದರೆ ಸಾಕು. ಕನ್ನಡ ಮರೆತ ಮಗುವಿಗೆ ಹೋಲಿಸಲು ಏನಿದೆ? ಉರುಹೊಡೆಯುವುದೊಂದೇ ದಾರಿ.

ಇಂಗ್ಲಿಷ್ ಚೆನ್ನಾಗಿ ಬರಲೆಂದು ಮನೆಯಲ್ಲಿ ಕನ್ನಡವನ್ನು ನಿಲ್ಲಿಸಿರುವ ತಂದೆತಾಯಿಯರು ನಮ್ಮ ನಡುವೆ ಕಡಿಮೆಯಿಲ್ಲ. ಅವರ ಕಳಕಳಿ ನಮಗೆ ಅರ್ಥವಾಗುತ್ತದೆ. ಅವರ ಉಪಾಯವನ್ನು ಮಾತ್ರ ಒಪ್ಪಲಾರೆವು. ವ್ಯಾಕರಣವೆಂದರೆ ಭಾಷೆ ನಡೆಯುವ ಬಗೆಯನ್ನು ಕಂಡುಕೊಳ್ಳುವುದು. ಒಂದು ಭಾಷೆಯ ನಡಿಗೆ ಬಲ್ಲವನಿಗೆ ಮತ್ತೊಂದರ ನಡಿಗೆ ಬೇಗ ತಿಳಿಯುತ್ತದೆ. ಆದ್ದರಿಂದ ರೆನ್ ಮತ್ತು ಮಾರ್ಟಿನ್ ಕಪಾಟಿನಲ್ಲಿರಲಿ. ಅಭ್ಯಾಸಗಳನ್ನು ಬಿಡದೆ ಮಾಡಿಸೋಣ. ಆದರೆ ಪ್ರತಿ ಇಂಗ್ಲಿಷ್ ವಾಕ್ಯದ ಕೆಳಗೆ ಅದರ ಕನ್ನಡ ವಾಕ್ಯವನ್ನೂ ಮಗು ಬರೆಯಲಿ. ಯಾವ ಪದ ಎಲ್ಲಿಗೆ ಸರಿಯಿತು, ಯಾವುದು ಪ್ರತ್ಯಯವಾಯಿತು, ಯಾವುದು ಮಾಯವಾಯಿತು ಎಂದು ಗೆರೆ ಎಳೆದು ತೋರಿಸಲಿ. ಆ ಗೆರೆಗಳೇ ಪಾರ್ಟ್ಸ್ ಆಫ್ ಸ್ಪೀಚಿನ ಪಾಠ. ಅದಕ್ಕೆ ಬೇಕಾದದ್ದು ದುಬಾರಿ ಟ್ಯೂಷನ್ನಲ್ಲ, ಕನ್ನಡವಾಡುವ ಮನೆ.