ಪ್ರವಾಸ ಕಥನಕ್ಕೆ ಕೋಣೆ ಬಾಡಿಗೆ ಎಷ್ಟು?

ಕನ್ನಡದ ವಿದೇಶ ಪ್ರವಾಸ ಕಥನಗಳನ್ನು ಓದುವಾಗ ನಮಗೆ ಮೊದಲು ಹುಟ್ಟುವ ಪ್ರಶ್ನೆ ಇದು: ಈ ಮನುಷ್ಯ ರಾತ್ರಿ ಮಲಗಿದ್ದು ಎಲ್ಲಿ? ಅದರ ದುಡ್ಡು ಕೊಟ್ಟವರು ಯಾರು? ಇದು ಸಾಹಿತ್ಯದ ಪ್ರಶ್ನೆಯೇ ಅಲ್ಲ ಅಂತ ಮೇಷ್ಟ್ರುಗಳು ಹೇಳಬಹುದು. ಹೇಳಲಿ. ತಿಂಗಳ ಕೊನೆಗೆ ಬಾಡಿಗೆ ಹೊಂದಿಸಲಾಗದೆ ಒದ್ದಾಡಿದವರಿಗೆ ಮಾತ್ರ ಇದು ಹೊಳೆಯುವ ಪ್ರಶ್ನೆ. ನಾವು ಅಂಥವರು.

ಕಾರಂತರ 'ಅಪೂರ್ವ ಪಶ್ಚಿಮ', ಬಿ.ಜಿ.ಎಲ್. ಸ್ವಾಮಿಯವರ 'ಅಮೆರಿಕದಲ್ಲಿ ನಾನು', ಗೊರೂರರ 'ಅಮೆರಿಕದಲ್ಲಿ ಗೊರೂರು' ಇವುಗಳ ಯೋಗ್ಯತೆಯನ್ನು ಅಲ್ಲಗಳೆಯುವಷ್ಟು ದಡ್ಡರಲ್ಲ ನಾವು. ಗೊರೂರರ ಪುಸ್ತಕಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯೂ ಬಂತು. ಆದರೆ ಆ ಹೆಸರನ್ನೇ ಸ್ವಲ್ಪ ನೋಡಿ ಮಾರಾಯ್ರೇ. ಊರೇ ಹೆಸರಾದ ಮನುಷ್ಯ ಅಮೆರಿಕಕ್ಕೆ ಹೋದರೆ ಅವರ ಬೆನ್ನಿಗೆ ಊರೂ ಹೋಗುತ್ತದೆ. ಅಗ್ರಹಾರದಿಂದ ಹೋದವರು ಊರನ್ನು ಹಣೆಯ ಮೇಲೆ ಹೊತ್ತುಕೊಂಡು ಹೋಗಬಹುದು. ಕೇರಿಯಿಂದ ಹೋದವನು? ಊರಿನ ಹೆಸರು ಹೇಳಿದ ಕೂಡಲೇ ಎದುರಿನವನು 'ಅಲ್ಲಿ ಯಾರ ಮನೆ?' ಅಂತ ಕೇಳ್ತಾನೆ. ಆಮೇಲಿನದ್ದು ನಿಮಗೆ ಗೊತ್ತು. ನಮ್ಮವನಿಗೆ ಪ್ರವಾಸ ಅಂದರೆ ಊರಿನ ಹೆಸರನ್ನು ಬಾಯಿ ಬಿಡದೆ ದಾಟಿಸುವುದು.

ಕೃಷ್ಣಾನಂದ ಕಾಮತರ 'ನಾನೂ ಅಮೆರಿಕೆಗೆ ಹೋಗಿದ್ದೆ' ನಮಗೆ ಸ್ವಲ್ಪ ಹತ್ತಿರ. ಅವರು ಓದಲು ಹೋದವರು, ಅತಿಥಿಯಾಗಿ ಹೋದವರಲ್ಲ. ಆ 'ನಾನೂ' ಎಂಬುದರ ದೀರ್ಘದಲ್ಲಿ ಒಂದು ತಮಾಷೆ ಉಂಟು, ಎಲ್ಲರೂ ಹೋಗಿ ಬಂದು ಪುಸ್ತಕ ಬರೆಯುವುದರ ಮೇಲಿನ ಚೇಷ್ಟೆಯೂ ಉಂಟು. ಆದರೂ ನಮ್ಮ ಪ್ರಶ್ನೆಗೆ ಪೂರ್ತಿ ಉತ್ತರ ಅಲ್ಲಿಲ್ಲ. ಅದು ಸಿಕ್ಕಿದ್ದು ಪ್ರವಾಸ ಕಥನ ಅಂತ ಯಾರೂ ಕರೆಯದ ಒಂದು ಬರಹದಲ್ಲಿ.

ಬಾಬಾಸಾಹೇಬರು 1930ರ ದಶಕದ ನಡುವೆ ಬರೆದಿಟ್ಟ 'ವೇಯ್ಟಿಂಗ್ ಫಾರ್ ಎ ವೀಸಾ' ಪುಸ್ತಿಕೆಯಾಗಿ ಹೊರಬಂದದ್ದು 1990ರಲ್ಲಿ. ಇದನ್ನು ಆತ್ಮಕಥನದ ತುಣುಕುಗಳು ಅಂತ ಓದುವುದು ರೂಢಿ. ನಾವು ಇದನ್ನು ಪ್ರವಾಸ ಕಥನ ಅಂತಲೇ ಓದಬೇಕು ಎನ್ನುತ್ತೇವೆ. ಅವರ ಸ್ವಂತದ ನಾಲ್ಕೂ ಘಟನೆಗಳು ದಾರಿಯಲ್ಲೇ ನಡೆದಂಥವು. 1901ರಲ್ಲಿ ಮಸೂರು ಸ್ಟೇಷನ್ನಿನಲ್ಲಿ ಇಳಿದ ಮಕ್ಕಳಿಗೆ ಗಾಡಿ ಸಿಗುವುದಿಲ್ಲ. ಕೊನೆಗೆ ಒಬ್ಬ ಗಾಡಿಯವ ಒಪ್ಪುತ್ತಾನೆ: ದುಪ್ಪಟ್ಟು ಬಾಡಿಗೆ ಕೊಡಬೇಕು, ಗಾಡಿಯನ್ನೂ ಮಕ್ಕಳೇ ಹೊಡೆಯಬೇಕು, ತಾನು ಪಕ್ಕದಲ್ಲಿ ನಡೆದು ಬರುತ್ತಾನೆ. ಇಲ್ಲಿ ಜಾತಿ ಬರೀ ಅವಮಾನವಾಗಿ ಬರುವುದಿಲ್ಲ, ದರವಾಗಿ ಬರುತ್ತದೆ. ಒಂದಕ್ಕೆ ಎರಡು. ಕನ್ನಡದ ಯಾವ ಪ್ರವಾಸಿಗ ಈ ದರಪಟ್ಟಿಯನ್ನು ಬರೆದಿದ್ದಾರೆ?

ಅಮೆರಿಕದಲ್ಲಿ ಅವರಿಗೆ ಬರೋಡಾ ಸಂಸ್ಥಾನ ಕೊಡುತ್ತಿದ್ದುದು ತಿಂಗಳಿಗೆ ಹನ್ನೊಂದೂವರೆ ಪೌಂಡು. ಅದರಲ್ಲಿ ಊಟ, ಕೋಣೆ, ಪುಸ್ತಕ, ಮೇಲಿಂದ ಮನೆಗೂ ಕಳಿಸಬೇಕು. 1913ರಲ್ಲಿ ನ್ಯೂಯಾರ್ಕಿಗೆ ಹೋದವರು ಮೊದಲು ಹಾರ್ಟ್ಲಿ ಹಾಲ್, ಆಮೇಲೆ ಕಾಸ್ಮೊಪಾಲಿಟನ್ ಕ್ಲಬ್, ಆಮೇಲೆ ನವಲ್ ಭಥೇನಾ ಎಂಬ ಪಾರ್ಸಿ ಗೆಳೆಯನ ಜೊತೆ ಲಿವಿಂಗ್‌ಸ್ಟನ್ ಹಾಲ್ ಅಂತ ಗಂಟು ಕಟ್ಟುತ್ತಲೇ ಇದ್ದರು. 1920ರಲ್ಲಿ ಮತ್ತೆ ಲಂಡನ್ನಿಗೆ ಹೋದಾಗಿನ ಹೊಟ್ಟೆಪಾಡನ್ನು ಧನಂಜಯ ಕೀರ್ ತಮ್ಮ ಜೀವನಚರಿತ್ರೆಯಲ್ಲಿ ಬರೆದಿದ್ದಾರೆ: ಮನೆಯೊಡತಿ ಅಳೆದು ಕೊಡುವ ಬೆಳಗಿನ ತಿಂಡಿ, ರಾತ್ರಿ ಓದುವಾಗ ಹಸಿವು ತಡೆಯಲಿಕ್ಕೆ ಪರಿಚಯದವರು ಕೊಟ್ಟ ಹಪ್ಪಳ. ಡಿ.ಎಸ್ಸಿ. ಪದವಿಯ ಬಗ್ಗೆ ಭಾಷಣ ಮಾಡುವ ನಮ್ಮ ಮುಖಂಡರು ಹಪ್ಪಳವನ್ನು ಬಿಟ್ಟುಬಿಡುತ್ತಾರೆ. ಹಪ್ಪಳ ಬಿಟ್ಟರೆ ಪದವಿ ಅರ್ಥ ಆಗುದಿಲ್ಲ.

ಇಷ್ಟು ಇಕ್ಕಟ್ಟಿನಲ್ಲೂ ಆ ಹೊರದೇಶದ ವರ್ಷಗಳು ತಾನು ಅಸ್ಪೃಶ್ಯ ಎಂಬ ನೆನಪನ್ನೇ ತನ್ನೊಳಗಿಂದ ಅಳಿಸಿದ್ದವು ಅಂತ ಬಾಬಾಸಾಹೇಬರೇ ಬರೆಯುತ್ತಾರೆ. ಆ ನೆನಪು ತಿರುಗಿ ಬಂದದ್ದು 1917ರಲ್ಲಿ, ನೌಕರಿಗೆಂದು ಬರೋಡಾದಲ್ಲಿ ಇಳಿದಾಗ. ಪಾರ್ಸಿ ಹೆಸರು ಬರೆಸಿ ಪಾರ್ಸಿಗಳ ವಸತಿಗೃಹದ ಮಾಳಿಗೆಯಲ್ಲಿ ದಿನಕ್ಕೆ ಒಂದೂವರೆ ರೂಪಾಯಿಗೆ ಉಳಿಯುತ್ತಾರೆ. ಬೇರೆ ಯಾರೂ ಇಲ್ಲ, ಕತ್ತಲೆ, ಒಂದು ಲಾಟೀನು. ಹನ್ನೊಂದನೇ ದಿನ ಬೆತ್ತ ಹಿಡಿದ ಪಾರ್ಸಿಗಳು ಬಂದು ಹೊರಹಾಕುತ್ತಾರೆ. ಒಬ್ಬ ಹಿಂದೂ ಗೆಳೆಯ ಆಳುಗಳು ಬಿಟ್ಟು ಹೋಗುತ್ತಾರೆ ಅನ್ನುತ್ತಾನೆ. ಕ್ರೈಸ್ತ ಗೆಳೆಯ ಹೆಂಡತಿಯನ್ನು ಕೇಳಬೇಕು ಅನ್ನುತ್ತಾನೆ. ಆ ಸಂಜೆ ಪಾರ್ಕಿನಲ್ಲಿ ಕೂತು, ರಾತ್ರಿ ಬೊಂಬಾಯಿ ರೈಲು.

ಇಡೀ ಬರಹದಲ್ಲಿ ವೀಸಾ ಎಂಬ ಕಾಗದ ಎಲ್ಲೂ ಬರುವುದಿಲ್ಲ. ನ್ಯೂಯಾರ್ಕಿನಲ್ಲಿ ಬಾಡಿಗೆ ಕೊಡಲು ದುಡ್ಡಿರಲಿಲ್ಲ, ಬರೋಡಾದಲ್ಲಿ ದುಡ್ಡಿದ್ದರೂ ಕೋಣೆ ಇರಲಿಲ್ಲ. ಇದರಲ್ಲಿ ಪರದೇಶ ಯಾವುದು ಅಂತ ತೀರ್ಮಾನಿಸುವ ಹೊಣೆ ಓದುವವರದ್ದು.

ಇದನ್ನು ನಾವು ನಂತೂರಿನಲ್ಲಿ ಕೂತು ಬರೆಯುತ್ತಿದ್ದೇವೆ ಎಂಬುದೂ ಇಲ್ಲಿ ಮುಖ್ಯ. ಕಾಸರಗೋಡು, ಉಳ್ಳಾಲದ ಕಡೆಯಿಂದ ಬಜಪೆ ವಿಮಾನ ನಿಲ್ದಾಣಕ್ಕೆ ಹೋಗುವ ಕಾರುಗಳು ಪಂಪ್‌ವೆಲ್ ದಾಟಿ ಈ ವೃತ್ತ ಹಾದೇ ಕೆ.ಪಿ.ಟಿ. ಕಡೆಗೆ ಹೋಗಬೇಕು. ತಲೆ ಮೇಲೆ ಹಗ್ಗ ಸುತ್ತಿದ ಪೆಟ್ಟಿಗೆ, ಒಳಗೆ ಹೊಸ ಅಂಗಿಯ ಹುಡುಗ, ಅವನ ಅಕ್ಕ, ಅಮ್ಮ. ಬಜಪೆಯಿಂದ ದುಬೈಗೆ ನೇರ ವಿಮಾನ ಹಾರಿದ್ದು 2006ರಲ್ಲಿ. ಅದಕ್ಕೆ ಮೊದಲು ಬಸ್ಸು ಹತ್ತಿ ಬೊಂಬಾಯಿಗೆ ಹೋಗಿ, ಏಜೆಂಟನ ಬಾಗಿಲಲ್ಲಿ ವಾರಗಟ್ಟಲೆ ಕಾಯುವುದು. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನ ಬಜಪೆಯಲ್ಲಿ ಬಿದ್ದು 158 ಜನ ಸತ್ತರು. ಪ್ರವಾಸ ಸಾಹಿತ್ಯದ ಬಗ್ಗೆ ನಡೆಯುವ ವಿಚಾರಗೋಷ್ಠಿಗಳಲ್ಲಿ ಇವರು ಯಾರೂ ಪ್ರವಾಸಿಗರಲ್ಲ.

ಇವರ ಬದುಕು ಬೆಡ್‌ಸ್ಪೇಸ್ ಎಂಬ ಒಂದು ಪದದಲ್ಲಿ ಉಂಟು. ಕೋಣೆ ಅಲ್ಲ, ಕೋಣೆಯೊಳಗಿನ ಮಂಚದ ಜಾಗ. ಒಂದರ ಮೇಲೊಂದು ಮಂಚ, ಹಗಲು ಪಾಳಿಯವ ಎದ್ದ ಚಾಪೆಗೆ ರಾತ್ರಿ ಪಾಳಿಯವ. ಕಂಪನಿ ಕೆಲಸ ಬದಲಾದರೆ ಕ್ಯಾಂಪ್ ಬದಲು, ಬಾಡಿಗೆ ಏರಿದರೆ ದೇರಾ ಬಿಟ್ಟು ಶಾರ್ಜಾ. ಅಗ್ಗದ ಕುಬೂಸ್ ಮುರಿದು ದಾಲ್‌ಗೆ ಅದ್ದಿ, ಉಳಿದದ್ದು ಊರಿಗೆ. ಬಾಬಾಸಾಹೇಬರಿಗೆ ಹೊರದೇಶ ಕೊಟ್ಟ ಮರೆವನ್ನು ಕೊಲ್ಲಿ ಇವರಿಗೆ ಕೊಡುವುದಿಲ್ಲ. ಕರಾಮಾದ ಗೋಡೆಗಳ ಮೇಲೆ ಅಂಟಿಸುವ ಬಾಡಿಗೆ ಚೀಟಿಗಳಲ್ಲಿ ಯಾವ ರಾಜ್ಯದವರಿಗೆ ಮಾತ್ರ, ಯಾವ ಧರ್ಮದವರಿಗೆ ಮಾತ್ರ ಅಂತ ಬರೆದಿರುತ್ತದೆ. ನಂತೂರಿನ ಸುತ್ತಮುತ್ತ ಎರಡು ವರ್ಷದಲ್ಲಿ ಮೂರು ಕೋಣೆ ಬದಲಿಸಿದ ನಮಗೆ ಆ ಚೀಟಿಯ ಅಕ್ಷರ ಹೊಸತಲ್ಲ. ಇಲ್ಲಿ ಚೀಟಿ ಅಂಟಿಸುವುದಿಲ್ಲ, ಚಾ ಕೊಟ್ಟು ಕೇಳ್ತಾರೆ: 'ನೀವು ಎಂತ ಜನ?' ನಮ್ಮ ಮೂರನೇ ಮನೆಯೊಡೆಯರು ಕೇಳಲೇ ಇಲ್ಲ, ಅಡ್ವಾನ್ಸ್ ಮಾತ್ರ ದುಪ್ಪಟ್ಟು ಹೇಳಿದರು. ಮಸೂರಿನ ಗಾಡಿಯವನ ದರ.

ಸರ್ಕಾರದ ಕಾಗದದಲ್ಲೂ ಒಂದು ಜಾತಿ ಉಂಟು. 1983ರ ವಲಸೆ ಕಾಯ್ದೆಯ ಮೇರೆಗೆ ಹತ್ತನೇ ತರಗತಿ ಪಾಸಾಗದವನ ಪಾಸ್‌ಪೋರ್ಟಿಗೆ ಇ.ಸಿ.ಆರ್. ಎಂಬ ಗುರುತು. ಕೊಲ್ಲಿ ದೇಶಗಳಿಗೆ ದುಡಿಯಲು ಹೋಗುವ ಮೊದಲು ಅವನು ಸರ್ಕಾರದ ಅನುಮತಿ ಪಡೆಯಬೇಕು. ಹತ್ತನೇ ಪಾಸಾದವನಿಗೆ, ಆದಾಯ ತೆರಿಗೆ ಕಟ್ಟುವವನಿಗೆ ಬೇಡ. ಮೋಸದಿಂದ ಕಾಪಾಡಲಿಕ್ಕೆ ಅನ್ನುತ್ತಾರೆ, ಸುಳ್ಳಲ್ಲ. ಏಜೆಂಟ್ ತೆಗೆದುಕೊಳ್ಳಬಹುದಾದ ಶುಲ್ಕಕ್ಕೂ 30,000 ರೂಪಾಯಿಯ ಮಿತಿ ಹಾಕಿದ್ದಾರೆ. ಆದರೆ ಮಿತಿಯೊಳಗೆ ವೀಸಾ ಸಿಕ್ಕಿದವರನ್ನು ನಾವಿನ್ನೂ ಕಂಡಿಲ್ಲ. ಉಳಿದ ದುಡ್ಡಿಗೆ ಜಾಗ ಅಡವಿಡಬೇಕು, ಚಿನ್ನ ಅಡವಿಡಬೇಕು. ಎರಡೂ ಇಲ್ಲದ ಕೇರಿಯವನಿಗೆ ಬೆಡ್‌ಸ್ಪೇಸ್ ಕೂಡ ಕೈಗೆಟುಕದ ಭಾಗ್ಯವೇ. ಕೊಲ್ಲಿಯ ಕಷ್ಟದ ಬಗ್ಗೆ ಕಣ್ಣೀರು ಹಾಕುವಾಗ ಆ ಕಷ್ಟಕ್ಕೂ ಪ್ರವೇಶ ಸಿಗದವರನ್ನು ಮರೆಯಬಾರದು.

ಮಲಯಾಳದವರು ಇದನ್ನು ನಮಗಿಂತ ಮೊದಲು ಬರೆದರು. ಬಹರೈನಿನಲ್ಲಿ ದುಡಿದ ಬೆನ್ಯಾಮಿನ್ ಅವರ 'ಆಡುಜೀವಿತಂ' 2008ರಲ್ಲಿ ಬಂತು, 2024ರಲ್ಲಿ ಸಿನಿಮಾ ಆಯಿತು. ದೊಡ್ಡ ಕೃತಿ. ಆದರೂ ನಮ್ಮದೊಂದು ತಕರಾರು. ಮರಳುಗಾಡಿನ ಆಡಿನ ಕೊಟ್ಟಿಗೆಯಲ್ಲಿ ಸಿಕ್ಕಿಬಿದ್ದವನ ನರಕ ಕಾದಂಬರಿಯಾಗುತ್ತದೆ. ಹನ್ನೆರಡು ವರ್ಷ ಕೋಣೆಯಿಂದ ಕೋಣೆಗೆ ಪೆಟ್ಟಿಗೆ ಹೊತ್ತವನ ಲೆಕ್ಕದ ಪುಸ್ತಕ ಆಗುವುದಿಲ್ಲ. ಅದರಲ್ಲಿ ಪವಾಡವಿಲ್ಲ, ಪಾರಾಗುವುದಿಲ್ಲ. ಬಾಡಿಗೆ, ಕುಬೂಸ್, ಕಳಿಸಿದ್ದು, ಸಾಲ ತೀರಿದ್ದು ಅಂತ ಸಾಲು ಸಾಲು ಅಂಕಿ. ನವ್ಯರು ಅನುಭವದ ಪ್ರಾಮಾಣಿಕತೆ ಅಂತ ಅಷ್ಟು ಮಾತಾಡಿದರಲ್ಲ, ಆ ಅಂಕಿಗಳಿಗಿಂತ ಪ್ರಾಮಾಣಿಕವಾದ ಬರವಣಿಗೆ ಯಾವುದುಂಟು?

ಆ ಬರವಣಿಗೆ ಇಲ್ಲ ಅಂತಲ್ಲ, ಅಚ್ಚಾಗಿಲ್ಲ ಅಷ್ಟೆ. ಓದು ಬಾರದವರು ಎಂಬತ್ತರ ದಶಕದಲ್ಲಿ ಕಾಗದದ ಬದಲು ಕ್ಯಾಸೆಟ್ಟಿನಲ್ಲಿ ಮಾತಾಡಿ ಊರಿಗೆ ಕಳಿಸುತ್ತಿದ್ದರು. ತುಳುವಿನಲ್ಲಿ, ಬ್ಯಾರಿಯಲ್ಲಿ, ಕೊಂಕಣಿಯಲ್ಲಿ, ಹರಕು ಕನ್ನಡದಲ್ಲಿ. ಮುಂದಿನ ಸಂಚಿಕೆಗೆ ನಮಗೆ ಬೇಕಾದದ್ದು ಅವು. ನಿಮ್ಮ ಅಟ್ಟದ ಪೆಟ್ಟಿಗೆಯಲ್ಲಿ ಅಂಥ ಕ್ಯಾಸೆಟ್ಟೋ, ಖರ್ಚು ಬರೆದ ಡೈರಿಯೋ ಇದ್ದರೆ ನಂತೂರಿಗೆ ತನ್ನಿ. ಹಳೆಯದೊಂದು ಟೇಪ್ ರೆಕಾರ್ಡರ್ ರಿಪೇರಿ ಮಾಡಿಸಿ ಇಟ್ಟಿದ್ದೇವೆ. ಕೇಳಿ, ಬರೆದುಕೊಂಡು, ಕ್ಯಾಸೆಟ್ ನಿಮ್ಮ ಕೈಗೇ ವಾಪಸು ಕೊಡುತ್ತೇವೆ. ಬರುವ ಮೊದಲು ಒಂದು ಮಾತು ಹೇಳಿ ಬನ್ನಿ, ಅಷ್ಟರಲ್ಲಿ ಕೋಣೆ ಬದಲಾಗಿದ್ದರೂ ಇರಬಹುದು.