ಮೆಟಫರ್ ಅಂದ್ರೆ ರೂಪಕ, ಅಷ್ಟೇನಾ?

ಮೊಹಮ್ಮದ್ ಬಿನ್ ಜಾಯೆದ್ ಸಿಟಿಯ ಮನೆಗಳಲ್ಲಿ ಪರೀಕ್ಷೆ ಹತ್ತಿರ ಬಂತು ಅಂದರೆ ಸಂಜೆ ಹೊತ್ತು ಒಂದು ಪಟ್ಟಿ ಬಾಯಿಪಾಠ ಆಗ್ತಿರುತ್ತೆ: ಸಿಮಿಲಿ, ಮೆಟಫರ್, ಪರ್ಸಾನಿಫಿಕೇಶನ್, ಅಲಿಟರೇಶನ್, ಐರನಿ. ಪದ್ಯದಲ್ಲಿ 'ಲೈಕ್' ಅಥವಾ 'ಆ್ಯಸ್' ಕಂಡರೆ ಸಿಮಿಲಿ, ಕಾಣದಿದ್ದರೆ ಮೆಟಫರ್. ಮಾರ್ಕ್ಸ್ ಸಿಗುತ್ತೆ. ನಿಮ್ಮ ಮನೆಯಲ್ಲೂ ಹೀಗೇ ಇದ್ದರೆ, ಅಥವಾ ನೀವೇ ಹೀಗೆ ಓದಿ ಬೆಳೆದವರಾದರೆ, ಈ ಬರಹ ನಿಮಗೆ. ಪಟ್ಟಿ ತಪ್ಪು ಅಂತ ನಾನು ಹೇಳ್ತಿಲ್ಲ. ಹೆಸರು ಹೇಳಿದ ಕೂಡಲೇ ಪದ್ಯ ಮುಗೀತು ಅಂತ ಅದು ಕಲಿಸುತ್ತೆ, ನನ್ನ ತಕರಾರು ಅದು. ಸದ್ದಿಲ್ಲದೆ ಇನ್ನೊಂದನ್ನೂ ಕಲಿಸುತ್ತೆ: ಇದೆಲ್ಲ ಇಂಗ್ಲಿಷಿನ ಸೊತ್ತು, ಕನ್ನಡ ಇರೋದು ಊಟಕ್ಕೆ ಕರೆಯೋಕೆ.

ಆದರೆ ನೋಡಿ, ಕನ್ನಡದಲ್ಲಿ ನಮಗೆ ಸಿಕ್ಕಿರುವ ಅತ್ಯಂತ ಹಳೆಯ ಗ್ರಂಥ 'ಕವಿರಾಜಮಾರ್ಗ'ದ ವಿಷಯವೇ ಇದು. 9ನೆಯ ಶತಮಾನ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲ. ಮೂರು ಭಾಗಗಳಲ್ಲಿ ಒಂದು ಶಬ್ದಾಲಂಕಾರಕ್ಕೆ, ಇನ್ನೊಂದು ಅರ್ಥಾಲಂಕಾರಕ್ಕೆ ಮೀಸಲು. ಸಂಸ್ಕೃತದ ದಂಡಿಯಿಂದ ಅದು ಬಹಳಷ್ಟು ತೆಗೆದುಕೊಂಡಿದೆ. ಅಂದರೆ ಬೇರೆ ಭಾಷೆಯ ಪಟ್ಟಿಯನ್ನು ಕನ್ನಡಕ್ಕೆ ಹೊಂದಿಸೋ ಕೆಲಸ ನಮಗೇನೂ ಹೊಸದಲ್ಲ.

ಹಾಗಂತ 'ಸಿಮಿಲಿ ಅಂದ್ರೆ ಉಪಮೆ' ಅಂತ ಅನುವಾದ ಮಾಡಿ ಕೈತೊಳೆದುಕೊಂಡರೆ ಸಾಲದು. ಉಪಮೆಯಲ್ಲಿ ನಮ್ಮವರು ನಾಲ್ಕು ಅಂಗ ಹುಡುಕುತ್ತಾರೆ: ಯಾವುದನ್ನು ಹೋಲಿಸ್ತಿದ್ದೀವಿ, ಯಾವುದಕ್ಕೆ, ಎರಡಕ್ಕೂ ಸೇರಿದ ಗುಣ ಯಾವುದು, ಹೋಲಿಸುವ ಪದ ಯಾವುದು. 'ಲೈಕ್' ಹುಡುಕುವ ಮಗು ಕೊನೆಯದನ್ನಷ್ಟೇ ಹಿಡಿಯುತ್ತೆ. "ಇವಳು ಥೇಟ್ ಅಮ್ಮನ ಹಾಗೇ ಇದ್ದಾಳೆ" ಅನ್ನೋದರಲ್ಲಿ 'ಹಾಗೆ' ಇದೆ, ಅಲಂಕಾರ ಇಲ್ಲ. ಕಂಡದ್ದನ್ನು ಹೇಳಿದ್ದು ಅಷ್ಟೇ. ಜುಲೈ ತಿಂಗಳಲ್ಲಿ ಅಜ್ಜಿಗೆ ಫೋನ್ ಮಾಡಿ "ಬಾಗಿಲು ತೆಗೆದರೆ ಒಲೆ ಮುಂದೆ ನಿಂತ ಹಾಗಾಗುತ್ತೆ ಅಜ್ಜಿ" ಅಂತೀರಲ್ಲ, ಅದು ಉಪಮೆ. ಅಜ್ಜಿಗೆ ಅಬುಧಾಬಿ ಗೊತ್ತಿಲ್ಲ, ಒಲೆ ಗೊತ್ತು.

ನನಗೆ ತುಂಬ ಇಷ್ಟವಾದ ಅಲಂಕಾರಕ್ಕೆ ಶಾಲೆಯ ಇಂಗ್ಲಿಷ್ ಪಟ್ಟಿಯಲ್ಲಿ ಜಾಗವೇ ಇಲ್ಲ: ಉತ್ಪ್ರೇಕ್ಷೆ. ಇವತ್ತಿನ ಮಾತಿನಲ್ಲಿ ಆ ಪದಕ್ಕೆ ಉಬ್ಬಿಸಿ ಹೇಳೋದು ಅಂತ ಅರ್ಥ. ಶಾಸ್ತ್ರದಲ್ಲಿ ಹಾಗಲ್ಲ, ಅದು "ಇದ್ದರೂ ಇರಬಹುದೇನೋ" ಅನ್ನೋ ಊಹೆ. 'ಮಧ್ಯಾಹ್ನ ಮಜ್ಯಾದ್ ಮಾಲ್ ಎದುರು ನೆರಳು ಕೂಡ ಬಿಸಿಲಿಗೆ ಹೆದರಿ ಗೋಡೆಗೆ ಅಂಟಿಕೊಂಡಿದೆಯೇನೋ' ಅಂತ ಬರೆದರೆ ಪರೀಕ್ಷೆಯಲ್ಲಿ ಉತ್ತರ ಪರ್ಸಾನಿಫಿಕೇಶನ್. ಸರಿಯೇ. ಆದರೆ ಸ್ವಾರಸ್ಯ ಇರೋದು ಆ 'ಏನೋ'ದಲ್ಲಿ. ನೆರಳು ಚಿಕ್ಕದಾಗೋದು ಸೂರ್ಯ ನೆತ್ತಿಗೆ ಬಂದಿದ್ದರಿಂದ ಅಂತ ಗೊತ್ತಿದ್ದೂ ಬೇರೊಂದು ಕಾರಣ ಕಟ್ಟೋದು, ಕೇಳುವವರೂ ಅದಕ್ಕೆ ಒಪ್ಪಿ ನಗೋದು.

ಎರಡು ಭಾಷೆಯ ಅಲಂಕಾರಗಳು ಎದುರುಬದುರು ಕೂತದ್ದನ್ನು ನೋಡಬೇಕಾದರೆ ಬಿ.ಎಂ. ಶ್ರೀಕಂಠಯ್ಯನವರ 'ಇಂಗ್ಲಿಷ್ ಗೀತಗಳು' (1926) ತೆಗೆಯಿರಿ. ಜಾನ್ ಹೆನ್ರಿ ನ್ಯೂಮನ್ 1833ರಲ್ಲಿ ಹಡಗಿನಲ್ಲಿದ್ದಾಗ ಬರೆದ 'ಲೀಡ್, ಕೈಂಡ್ಲಿ ಲೈಟ್' ಅಲ್ಲಿ 'ಕರುಣಾಳು ಬಾ ಬೆಳಕೆ' ಆಗಿದೆ. ಹಾಡಾಗಿ ನೀವು ಕೇಳಿಯೇ ಇರ್ತೀರಿ. ಬರೀ ಹೆಸರನ್ನೇ ನೋಡಿ. ಇಂಗ್ಲಿಷಿನ 'ಕೈಂಡ್ಲಿ' ಬೆಳಕಿಗೆ ಅಂಟಿಕೊಂಡ ವಿಶೇಷಣ. ಕನ್ನಡದ 'ಕರುಣಾಳು' ಒಬ್ಬರೇ ನಿಲ್ಲಬಲ್ಲರು. ಮೊದಲು ಕರುಣೆಯುಳ್ಳ ಯಾರನ್ನೋ ಕರೀತೀವಿ, ಆಮೇಲೆ ಅವರು ಬೆಳಕು ಅಂತ ತಿಳಿಯುತ್ತೆ. ನಡುವೆ 'ಬಾ' ಬೇರೆ. ನ್ಯೂಮನ್ ಮೊದಲ ಮಾತಿಗೇ ದಾರಿ ತೋರಿಸು ಅಂತಾರೆ, ಶ್ರೀಯವರು ಮೊದಲು ಹತ್ತಿರ ಕರೀತಾರೆ, ಅದೂ ಏಕವಚನದಲ್ಲಿ, ದೇವರನ್ನೂ ಅಮ್ಮನನ್ನೂ ಕರೆಯೋ ಹಾಗೆ. 

ಕಳೆದುಕೊಂಡದ್ದೂ ಇದೆ. ನ್ಯೂಮನ್ ಈ ಪದ್ಯಕ್ಕೆ 'ದಿ ಪಿಲ್ಲರ್ ಆಫ್ ದಿ ಕ್ಲೌಡ್' ಅಂತಲೂ ಹೆಸರಿಟ್ಟಿದ್ದರು. ಬೈಬಲಿನಲ್ಲಿ ಮರಳುಗಾಡು ದಾಟುವ ಜನರ ಮುಂದೆ ಮುಂದೆ ಸಾಗುವ ಮೋಡದ ಕಂಬ ಅದು, ರಾತ್ರಿ ಬೆಂಕಿಯ ಕಂಬ. ಆ ಬೆಳಕು ದೂರದಲ್ಲೇ ಇರಬೇಕು, ಕೈಗೆ ಸಿಗಬಾರದು. ಕನ್ನಡದಲ್ಲಿ 'ಬಾ' ಅಂದ ಕೂಡಲೇ ಆ ದೂರ ಹೋಯಿತು. ಮರಳುಗಾಡಿನ ಅಂಚಿನಲ್ಲಿ ಕೂತು ಓದುವ ನಮಗೆ ಅದು ನಷ್ಟವೇ. ವರ್ಕ್‌ಶೀಟಿನಲ್ಲಿ ಮಾತ್ರ ಎರಡಕ್ಕೂ ಒಂದೇ ಉತ್ತರ: ಪರ್ಸಾನಿಫಿಕೇಶನ್.