‘ಬಿಲೈ’: ಒಂದು ಕ್ರಿಯಾಪದದ ಅರ್ಥವಿಚಾರ

ಆಂಗ್ಲಭಾಷೆಯ ‘ಬಿಲೈ’ ಎಂಬ ಕ್ರಿಯಾಪದವು ಗಾತ್ರದಲ್ಲಿ ಕಿರಿದಾದರೂ ಅನುವಾದಕರನ್ನು ಸುಲಭವಾಗಿ ದಾರಿತಪ್ಪಿಸಬಲ್ಲುದು. ಒಬ್ಬನ ನಗೆಯು ಅವನ ದುಃಖವನ್ನು ‘ಬಿಲೈ’ ಮಾಡಿತೆಂದರೆ ಮರೆಮಾಚಿತೆಂದು ಅರ್ಥ. ಫಲಿತಾಂಶವು ನಿರೀಕ್ಷೆಯನ್ನು ‘ಬಿಲೈ’ ಮಾಡಿತೆಂದರೆ ಹುಸಿಗೊಳಿಸಿತೆಂದು ಅರ್ಥ. ಮೊದಲನೆಯದರಲ್ಲಿ ದಿಟವು ಮುಚ್ಚಿಹೋಗುತ್ತದೆ. ಎರಡನೆಯದರಲ್ಲಿ ದಿಟವು ಹೊರಬೀಳುತ್ತದೆ. ಪರಸ್ಪರ ವಿರುದ್ಧವಾದ ಈ ಅರ್ಥಗಳು ಒಂದೇ ಪದದಲ್ಲಿ ನೆಲೆಸಿದ ಬಗೆಯನ್ನು ಅದರ ಚರಿತ್ರೆಯೇ ತಿಳಿಸುತ್ತದೆ.

ಪ್ರಾಚೀನ ಆಂಗ್ಲದಲ್ಲಿ ‘ಲೇಒಗನ್’ ಎಂದರೆ ಸುಳ್ಳಾಡು. ಮಲಗು ಎಂಬರ್ಥದ ‘ಲೈ’ ಬೇರೊಂದು ಧಾತುವಿನಿಂದ ಬಂದುದು, ಇವೆರಡನ್ನೂ ಬೆರೆಸಲಾಗದು. ಸುಳ್ಳಾಡುವ ಈ ಅಕರ್ಮಕ ಧಾತುವಿಗೆ ‘ಬೆ’ ಎಂಬ ಉಪಸರ್ಗವು ಸೇರಿ ಸಕರ್ಮಕವಾದಾಗ, ಸುಳ್ಳಿನಿಂದ ಒಬ್ಬನನ್ನು ವಂಚಿಸು ಎಂಬ ಅರ್ಥವುಂಟಾಯಿತು. ಜರ್ಮನ್ ಭಾಷೆಯ ಸೋದರಪದವಾದ ‘ಬೆಲ್ಯೂಗನ್’ ಇಂದಿಗೂ ಅದೇ ಅರ್ಥದಲ್ಲಿ ನಿಂತಿದೆ. ಆಂಗ್ಲವಾದರೋ ಮುಂದೆ ಸಾಗಿ, ಒಬ್ಬನ ವಿಷಯದಲ್ಲಿ ಸುಳ್ಳಾಡು, ಅಪವಾದ ಹೊರಿಸು ಎಂಬ ಅರ್ಥವನ್ನು ತಳೆಯಿತು. 1600ರಲ್ಲಿ ಅಚ್ಚಾದ ಷೇಕ್ಸ್‌ಪಿಯರನ ‘ಮಚ್ ಅಡೋ ಅಬೌಟ್ ನಥಿಂಗ್’ ನಾಟಕದಲ್ಲಿ, ನಿರಪರಾಧಿಯಾದ ಹೀರೋಳ ಮೇಲೆ ಕಳಂಕ ಬಂದಾಗ ಬಿಯಾಟ್ರಿಸಳ ಬಾಯಲ್ಲಿ ಬರುವುದು ಈ ಅರ್ಥವೇ. ಸುಳ್ಳೆಂದು ತೋರಿಸಿಕೊಡು ಎಂಬ ಅರ್ಥವು ಹದಿನೇಳನೆಯ ಶತಮಾನದಲ್ಲಿ ಬೆಳೆದುದು.

1609ರಲ್ಲಿ ಪ್ರಕಟವಾದ ಅದೇ ಕವಿಯ 130ನೆಯ ಸುನೀತದ ಕೊನೆಯ ಸಾಲಿನಲ್ಲಿಯೂ ಈ ಪದವಿದೆ. ಕಣ್ಣಿಗೆ ಸೂರ್ಯನನ್ನೂ ತುಟಿಗೆ ಹವಳವನ್ನೂ ಹೋಲಿಸುವ ರೂಢಿಯನ್ನು ಕವಿ ಅಲ್ಲಿ ಒಂದೊಂದಾಗಿ ನಿರಾಕರಿಸುತ್ತಾನೆ. ಇಲ್ಲಿ ಹೆಣ್ಣನ್ನು ‘ಹುಸಿಯಾದವಳು’ ಎಂದು ಅನುವಾದಿಸಿದರೆ ದೋಷವು ಅವಳದಾಗುತ್ತದೆ. ಕವಿಯ ಆಕ್ಷೇಪವಿರುವುದು ಅವಳ ಮೇಲಲ್ಲ, ಅವಳನ್ನು ಕುರಿತ ವರ್ಣನೆಯ ಮೇಲೆ. ‘ಹುಸಿ ಹೋಲಿಕೆಗೆ ಗುರಿಯಾದವಳು’ ಎಂದರೆ ನ್ಯಾಯವು ಉಳಿಯುತ್ತದೆ. ಅತಿಯಾದ ಹೊಗಳಿಕೆಯೂ ಒಂದು ಬಗೆಯ ಅಪವಾದವೇ ಎಂಬ ಕವಿಯ ಕಟುವಾದ ವ್ಯಂಗ್ಯವು ಈ ಹಳೆಯ ಅರ್ಥವನ್ನೇ ಆಶ್ರಯಿಸಿದೆ.

ಆದುದರಿಂದ ನಿಘಂಟಿನಲ್ಲಿ ಮೊದಲು ಕಂಡ ಪ್ರತಿಪದವನ್ನು ಎಲ್ಲೆಡೆಯೂ ಬಳಸುವುದು ಸಲ್ಲದು. ವಾಕ್ಯದಲ್ಲಿ ಸುಳ್ಳು ಯಾವ ಕಡೆಗಿದೆ ಎಂಬುದನ್ನು ಮೊದಲು ನಿರ್ಣಯಿಸಬೇಕು. ಕರ್ತೃವೇ ಸುಳ್ಳಾಡುತ್ತಿದ್ದರೆ ‘ಮರೆಮಾಚು’ ಅಥವಾ ‘ಅಪವಾದ ಹೊರಿಸು’. ಕರ್ತೃವು ಸತ್ಯಕ್ಕೆ ಸಾಕ್ಷಿಯಾಗಿದ್ದರೆ ‘ಹುಸಿಗೊಳಿಸು’. ಕನ್ನಡದಲ್ಲಿ ಇವು ಬೇರೆಬೇರೆ ಪದಗಳಾಗಿರುವುದು ಕೊರತೆಯಲ್ಲ. ಆಂಗ್ಲವು ಸಂದರ್ಭಕ್ಕೆ ಬಿಟ್ಟ ನಿರ್ಣಯವನ್ನು ಕನ್ನಡವು ಬರೆಯುವವನಿಂದಲೇ ಕೇಳುತ್ತದೆ; ಆ ಪ್ರಶ್ನೆಗೆ ಉತ್ತರಿಸದೆ ಮಾಡಿದ ಅನುವಾದವು ಮೂಲದ ಮೇಲೆ ಹೊರಿಸಿದ ಅಪವಾದವಾದೀತು.